ನಿಂತುಹೋದ ನಾಟಕಗಳ ಬಗ್ಗೆ ಒಂದು ನಾಟಕ

ಈ ವರ್ಷದ ಗ್ಯಾದರಿಂಗ್‌ಗೆ ದ್ವಿತೀಯ ಪಿಯು ವಾಣಿಜ್ಯ ವಿಭಾಗದ ನಾವು ಕೆಲವರು ಸೇರಿ ಒಂದು ನಾಟಕ ಆಡಬೇಕೆಂದಿದ್ದೇವೆ. ಮೈಮ್ ಅಲ್ಲ, ಬಾಯಿಬಿಟ್ಟು ಮಾತಾಡುವ ನಾಟಕ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಗ್ಯಾದರಿಂಗ್ ವರದಿಗಳನ್ನು ತೆಗೆದು ನೋಡಿ. ಕಿರಾತ್, ನಾತ್, ಸ್ವಾಗತ ಗೀತೆ, ದೇಶಭಕ್ತಿ ಗೀತೆ, ಫ್ಯಾನ್ಸಿ ಡ್ರೆಸ್, ಬಹುಮಾನ ವಿತರಣೆ. ನಾಟಕ ಇರಬೇಕಾದ ಜಾಗದಲ್ಲಿ ಒಂದು ವರ್ಷ ಪರಿಸರ ಉಳಿಸಿ ಮೈಮ್, ಇನ್ನೊಂದು ವರ್ಷ ರಸ್ತೆ ಸುರಕ್ಷತೆಯ ಮೈಮ್. ಮೈಮ್ ಒಳ್ಳೆಯ ಕಲೆಯೇ. ಆದರೆ ನಮ್ಮಲ್ಲಿ ಅದನ್ನು ಆರಿಸುವುದು ಕಲೆ ಎಂದಲ್ಲ, ಅದರಲ್ಲಿ ಮಾತಿಲ್ಲ ಎಂದು. ಮಾತಿಲ್ಲದಿದ್ದರೆ ಯಾರೂ ಯಾವ ಮಾತಿಗೂ ಆಕ್ಷೇಪ ಎತ್ತುವಂತಿಲ್ಲವಲ್ಲ.

ನಮ್ಮ ನಾಟಕದ ವಿಷಯವೂ ಅದೇ. ನಮ್ಮ ದೇಶದಲ್ಲಿ ಸರ್ಕಾರ, ಪೊಲೀಸರು, ಜನರ ಗುಂಪುಗಳು ನಾಟಕಗಳನ್ನು ಹೇಗೆ ನಿಲ್ಲಿಸಿದರು ಎಂಬುದನ್ನೇ ರಂಗದ ಮೇಲೆ ತೋರಿಸುವುದು. ಸ್ಕ್ರಿಪ್ಟ್ ಈಗ ಸಾಂಸ್ಕೃತಿಕ ಸಮಿತಿಯ ಬಳಿ ಇದೆ. "ನೋಡೋಣು, ಓದಿ ಹೇಳ್ತೀವಿ" ಎಂದಿದ್ದಾರೆ. ಅವರು ಓದುವ ಮುಂಚೆ ನನ್ನ ವಾದವನ್ನು ಇಲ್ಲಿ ಬರೆಯಲು ಸಂಪಾದಕ ಸರ್ ಜಾಗ ಕೊಟ್ಟಿದ್ದಾರೆ, ಅವರಿಗೆ ಶುಕ್ರಿಯಾ.

ಮೊದಲು ಎಲ್ಲರ ಮನಸ್ಸಿನಲ್ಲಿರುವ ಸಂಗತಿಯನ್ನೇ ಹೇಳಿಬಿಡುತ್ತೇನೆ. ಬೀದರ್. 2020ರ ಜನವರಿ 21ರಂದು ಅಲ್ಲಿನ ಶಾಹೀನ್ ಶಾಲೆಯಲ್ಲಿ 4, 5, 6ನೇ ತರಗತಿಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಒಂದು ಚಿಕ್ಕ ನಾಟಕ ಆಡಿದರು. ಅದರಲ್ಲಿ ಪ್ರಧಾನಿಯವರ ಬಗ್ಗೆ ಚಪ್ಪಲಿಯ ಮಾತೊಂದು ಬಂತು. ವಿಡಿಯೋ ಫೇಸ್‌ಬುಕ್‌ಗೆ ಹೋಯಿತು. ದೇಶದ್ರೋಹದ ಕೇಸಾಯಿತು. ಒಬ್ಬ ಶಿಕ್ಷಕಿಯನ್ನೂ, ಪಾತ್ರ ಮಾಡಿದ ಒಂದು ಮಗುವಿನ ತಾಯಿಯನ್ನೂ ಬಂಧಿಸಿದರು. ಇಬ್ಬರೂ ಎರಡು ವಾರ ಜೈಲಿನಲ್ಲಿದ್ದರು. ಪೊಲೀಸರು ಶಾಲೆಗೆ ಮತ್ತೆ ಮತ್ತೆ ಬಂದು ಮಕ್ಕಳನ್ನು ವಿಚಾರಿಸಿದರು. ಸಮವಸ್ತ್ರದಲ್ಲಿ ಬಂದು ಮಕ್ಕಳನ್ನು ಪ್ರಶ್ನಿಸಿದ್ದಕ್ಕೆ 2021ರಲ್ಲಿ ಹೈಕೋರ್ಟ್ ಆಕ್ಷೇಪಿಸಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಆಡಳಿತ ಮಂಡಳಿಯವರ ಮೇಲಿನ ಕೇಸನ್ನೇ ರದ್ದು ಮಾಡಿತು.

ಆ ಮಕ್ಕಳು ಆಗ ಹತ್ತು ಹನ್ನೊಂದು ವರ್ಷದವರು. ಲೆಕ್ಕ ಹಾಕಿ, ಹೆಚ್ಚುಕಡಿಮೆ ನಮ್ಮ ವಾರಿಗೆಯವರೇ. ಆ ಸುದ್ದಿ ಬಂದ ದಿನಗಳಲ್ಲಿ ನಮ್ಮಂಥ ಮನೆಗಳಲ್ಲಿ ಟಿವಿಯ ಮುಂದೆ ಏನೇನು ಮಾತಾಡಿದರು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಇಂದಿಗೂ ನಾಟಕದ ಹೆಸರೆತ್ತಿದರೆ ನಮ್ಮ ಅಮ್ಮಿಯ ಮೊದಲ ಮಾತು "ನಕ್ಕೋ ಬೇಟಾ" ಎಂದೇ. ಆಡಳಿತ ಮಂಡಳಿಯವರಿಗೂ ಅದೇ ಭಯ ಇರುವುದು ಸಹಜ. ಮುಸ್ಲಿಂ ಆಡಳಿತದ ಕಾಲೇಜು ಎಂದರೆ ಬೇರೆಯವರ ಕಾಲೇಜಿನಲ್ಲಿ ಆಡಿ ಮರೆತುಬಿಡುವ ಮಾತೂ ಇಲ್ಲಿ ಫೋನಿನಲ್ಲಿ ರೆಕಾರ್ಡ್ ಆಗಿ ಊರು ಸುತ್ತುತ್ತದೆ. ಇದು ನಮ್ಮ ಕಲ್ಪನೆಯಲ್ಲ, ಬೀದರಿನಲ್ಲಿ ಆಗಿದೆ. ಹೀಗಾಗಿ ಹೆದರುವವರನ್ನು ಹೇಡಿಗಳೆಂದು ನಾನು ಕರೆಯಲಾರೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಕೇಸು ರದ್ದು ಮಾಡಿದ ಅದೇ ಆದೇಶದಲ್ಲಿ ನ್ಯಾಯಾಲಯ ಆ ಚಪ್ಪಲಿಯ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದು ಎಂದೂ ಹೇಳಿತು. ಅದು ದೇಶದ್ರೋಹವಲ್ಲ, ಅಷ್ಟೇ. ಸರ್ಕಾರದ ನೀತಿಯನ್ನು ಟೀಕಿಸುವ ಕೆಲಸದಿಂದ ಮಕ್ಕಳನ್ನು ದೂರ ಇಡುವುದು ಮೇಲು, ಓದಿನಲ್ಲಿ ಆಸಕ್ತಿ ಬೆಳೆಸುವ ವಿಷಯಗಳ ನಾಟಕ ಆಡಿಸಿರಿ ಎಂಬ ಅರ್ಥದ ಸಲಹೆಯೂ ಅದರಲ್ಲಿದೆ. ಸಮಿತಿಯ ಸರ್ ಒಬ್ಬರು ಇದನ್ನೇ ಮುಂದಿಟ್ಟು "ಕೋರ್ಟೇ ಹೇಳೇತಿ ನೋಡವಾ" ಎಂದರು. ನಿಜ, ಹೇಳಿದೆ. ಆದರೆ ಅದು ನಾಲ್ಕನೇ ತರಗತಿಯ ಮಗುವಿನ ಬಾಯಿಗೆ ದೊಡ್ಡವರು ಮಾತು ಹಾಕುವ ಪ್ರಶ್ನೆಯ ಬಗ್ಗೆ. ಆ ಬಗ್ಗೆ ನನಗೂ ಹೆಚ್ಚು ತಕರಾರಿಲ್ಲ. ನಮಗೆ ಹದಿನೇಳು. ಮುಂದಿನ ವರ್ಷ ವೋಟು ಹಾಕುತ್ತೇವೆ. ನಾವು ಹೇಳಹೊರಟಿರುವುದು ಇಂದಿನ ಸರ್ಕಾರದ ಕಥೆಯೂ ಅಲ್ಲ, 1876ರ ಕಥೆ. ನಮ್ಮ ಇತಿಹಾಸದ ಸರ್ ಕಲಿಸುವ ಪಾಠದೊಳಗೇ ಬರುವ ಕಾಲ. ಓದಿನಲ್ಲಿ ಆಸಕ್ತಿ ಬೆಳೆಸುವ ವಿಷಯ ಇದಕ್ಕಿಂತ ಬೇರೆ ಯಾವುದಿದ್ದೀತು?

ಆ ಕಥೆಯನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಇಷ್ಟು ಚೆಂದದ ಕಥೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲೂ ಇಲ್ಲ.

ಬಂಗಾಳದಲ್ಲಿ ಇಂಗ್ಲಿಷ್ ತೋಟದ ಮಾಲೀಕರು ರೈತರಿಂದ ಬಲವಂತವಾಗಿ ನೀಲಿ ಬೆಳೆ ತೆಗೆಸುತ್ತಿದ್ದರು. 1860ರಲ್ಲಿ ದೀನಬಂಧು ಮಿತ್ರ ಎಂಬ ಅಂಚೆ ಇಲಾಖೆಯ ನೌಕರರು ಇದರ ಮೇಲೆ 'ನೀಲದರ್ಪಣ' ಎಂಬ ನಾಟಕ ಬರೆದರು. ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದ್ದಕ್ಕೆ ಜೇಮ್ಸ್ ಲಾಂಗ್ ಎಂಬ ಪಾದ್ರಿಗೆ 1861ರಲ್ಲಿ ಒಂದು ತಿಂಗಳು ಜೈಲು, 1000 ರೂಪಾಯಿ ದಂಡ. ಪಾದ್ರಿ ಬಿಳಿಯ, ಜೈಲಿಗೆ ಹಾಕಿದವರೂ ಬಿಳಿಯರು. ಆ ದಂಡವನ್ನು ಕಾಳಿಪ್ರಸನ್ನ ಸಿಂಹ ಎಂಬ ಬಂಗಾಳಿ ಬರಹಗಾರರು ತಕ್ಷಣ ಕಟ್ಟಿದರು. ಕಲ್ಕತ್ತೆಯ ನ್ಯಾಷನಲ್ ಥಿಯೇಟರ್ 1872ರ ಡಿಸೆಂಬರ್‌ನಲ್ಲಿ ಟಿಕೆಟ್ ಇಟ್ಟು ಶುರುವಾದಾಗ ಮೊದಲು ಆಡಿದ್ದೂ ಇದೇ ನಾಟಕ. ಇದರಲ್ಲಿ ತೋರಾಪ್ ಎಂಬ ಮುಸ್ಲಿಂ ರೈತನ ಪಾತ್ರ ಇದೆ. ಬಿಳಿ ದೊರೆ ಒಬ್ಬ ಹಿಂದೂ ರೈತನ ಬಸುರಿ ಮಗಳ ಮೇಲೆ ಕೈ ಮಾಡಲು ಹೋದಾಗ ತೋರಾಪ್ ನುಗ್ಗಿ ಅವನನ್ನು ಬಡಿಯುತ್ತಾನೆ. ಲಖನೌದಲ್ಲಿ ಈ ದೃಶ್ಯ ನಡೆಯುತ್ತಿದ್ದಾಗ ನೋಡಲು ಬಂದಿದ್ದ ಬಿಳಿಯರು ಎದ್ದು ಕತ್ತಿ ಹಿರಿದು ರಂಗದ ಮೇಲೇ ಹತ್ತಿದರಂತೆ. ಅಂದು ಆ ತಂಡದಲ್ಲಿದ್ದ ಬಿನೋದಿನಿ ದಾಸಿ ಎಂಬ ನಟಿ ಮುಂದೆ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ. ಆಗ ಆಕೆ ಇನ್ನೂ ಹುಡುಗಿ, ನಮಗಿಂತ ಚಿಕ್ಕವಳು. ನಾಟಕ ಅರ್ಧಕ್ಕೆ ನಿಂತಿತು, ತಂಡ ಊರು ಬಿಟ್ಟಿತು.

ಮುಂದಿನದು ಇನ್ನೂ ಮಜವಾಗಿದೆ. 1875ರ ಕೊನೆಯಲ್ಲಿ ಇಂಗ್ಲೆಂಡಿನ ಯುವರಾಜ ಕಲ್ಕತ್ತೆಗೆ ಬಂದ. ಜಗದಾನಂದ ಮುಖರ್ಜಿ ಎಂಬ ವಕೀಲರು ಅವನನ್ನು ಮನೆಗೆ ಕರೆದು ಮನೆಯ ಹೆಣ್ಣುಮಕ್ಕಳಿಂದ ಸ್ವಾಗತ ಮಾಡಿಸಿದರು. ಊರೆಲ್ಲ ಅದೇ ಮಾತು. 1876ರ ಫೆಬ್ರುವರಿಯಲ್ಲಿ ಗ್ರೇಟ್ ನ್ಯಾಷನಲ್ ಥಿಯೇಟರಿನವರು ಈ ಪ್ರಸಂಗವನ್ನೇ ಲೇವಡಿ ಮಾಡಿ 'ಗಜದಾನಂದ' ಎಂಬ ಪ್ರಹಸನ ಆಡಿದರು. ಜಗದಾನಂದ ಹೋಗಿ ಗಜದಾನಂದ ಆದ, ಅಷ್ಟೇ ವ್ಯತ್ಯಾಸ. ಪೊಲೀಸರು ನಿಲ್ಲಿಸಿದರು. ತಂಡದವರು ಅದನ್ನೇ 'ಹನುಮಾನ್ ಚರಿತ್ರ' ಎಂದು ಹೆಸರು ಬದಲಿಸಿ ಮತ್ತೆ ಆಡಿದರು. ಅದನ್ನೂ ನಿಲ್ಲಿಸಿದರು. ಆಗ ಕಲ್ಕತ್ತೆಯ ಪೊಲೀಸ್ ಕಮಿಷನರ್ ಹೆಸರು ಹಾಗ್, ಸೂಪರಿಂಟೆಂಡೆಂಟ್ ಹೆಸರು ಲ್ಯಾಂಬ್. ತಂಡದವರು ಬಿಡುತ್ತಾರೆಯೇ? 'ಹಂದಿ ಮತ್ತು ಕುರಿಯ ಪೊಲೀಸು' ಎಂಬ ಅರ್ಥ ಬರುವ ಇಂಗ್ಲಿಷ್ ಹೆಸರಿಟ್ಟು ಇನ್ನೊಂದು ಪ್ರಹಸನ ಆಡಿಯೇಬಿಟ್ಟರು. (ಕಲ್ಕತ್ತೆಯ ನ್ಯೂ ಮಾರ್ಕೆಟ್‌ಗೆ ಹಾಗ್ ಸಾಹೇಬನ ಹೆಸರೇ ಇದೆ. ಅಲ್ಲಿ ವ್ಯಾಪಾರ ಮಾಡುವವರಲ್ಲಿ ಎಷ್ಟು ಮಂದಿಗೆ ಈ ಕಥೆ ಗೊತ್ತೋ.)

ಇಷ್ಟು ಹೊತ್ತಿಗೆ ಸರ್ಕಾರಕ್ಕೆ ಸಾಕಾಗಿತ್ತು. ಫೆಬ್ರುವರಿ 29ರಂದು ವೈಸರಾಯ್ ನಾರ್ತ್‌ಬ್ರೂಕ್ ಸುಗ್ರೀವಾಜ್ಞೆ ಹೊರಡಿಸಿದ. ಮಾರ್ಚ್‌ನಲ್ಲಿ ನಿರ್ದೇಶಕ ಉಪೇಂದ್ರನಾಥ ದಾಸ್, ಮ್ಯಾನೇಜರ್ ಅಮೃತಲಾಲ ಬಸು ಮುಂತಾದವರನ್ನು ಹಿಡಿದರು. ಯಾವ ನಾಟಕಕ್ಕಾಗಿ? ಪೊಲೀಸರನ್ನು ಹಂದಿ ಎಂದ ನಾಟಕಕ್ಕಲ್ಲ. 'ಸುರೇಂದ್ರ ವಿನೋದಿನಿ' ಎಂಬ ಬೇರೆಯದೇ ನಾಟಕ ಅಶ್ಲೀಲವಾಗಿದೆ ಎಂದು. ಸಿಟ್ಟು ಒಂದರ ಮೇಲೆ, ಕೇಸು ಇನ್ನೊಂದರ ಮೇಲೆ. ಹೈಕೋರ್ಟ್ ಅವರನ್ನು ಬಿಟ್ಟುಬಿಟ್ಟಿತು. ಆದರೆ ಆ ವರ್ಷ ಮುಗಿಯುವುದರೊಳಗೆ ಸುಗ್ರೀವಾಜ್ಞೆ ಕಾಯ್ದೆಯಾಯಿತು, 1876ರ ನಾಟಕ ಪ್ರದರ್ಶನ ಕಾಯ್ದೆ.

ಆ ಕಾಯ್ದೆಯನ್ನು ನಾನು ಓದಿದೆ. ಬಹಳ ಚಿಕ್ಕದು, ನಮ್ಮ ಬಿಸಿನೆಸ್ ಸ್ಟಡೀಸ್‌ನ ಒಂದು ಅಧ್ಯಾಯದಷ್ಟೂ ಇಲ್ಲ. ನಿಷೇಧಿಸಿದ ನಾಟಕ ಆಡಿದವರಿಗೆ ಮೂರು ತಿಂಗಳವರೆಗೆ ಜೈಲು. ಜಾಗ ಕೊಟ್ಟವರಿಗೂ ಅಷ್ಟೇ. ಗೊತ್ತಿದ್ದೂ ಹೋಗಿ ಕೂತು ನೋಡಿದವರಿಗೂ ಅಷ್ಟೇ! ಮ್ಯಾಜಿಸ್ಟ್ರೇಟರು ವಾರಂಟ್ ಕೊಟ್ಟರೆ ಪೊಲೀಸರು ಬಂದು ಪರದೆ, ಬಟ್ಟೆಬರೆ ಎಲ್ಲ ಜಪ್ತಿ ಮಾಡಬಹುದು. ಕೊನೆಯಲ್ಲಿ ಒಂದು ವಿನಾಯಿತಿ ಇದೆ. ಧಾರ್ಮಿಕ ಹಬ್ಬಗಳಲ್ಲಿ ಆಡುವ 'ಜಾತ್ರಾ' ಮತ್ತು ಅದೇ ಬಗೆಯ ಆಟಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಜಾತ್ರಾ ಎಂದರೆ ಬಂಗಾಳದ ಬಯಲಾಟ. ಆದರೂ ಅದನ್ನು ಓದುವಾಗ ನನಗೆ ನಮ್ಮ ಕಡೆಯ ಜಾತ್ರೆಯೇ ಕಣ್ಣಿಗೆ ಬಂತು. ದೇವಿಕೊಪ್ಪದಲ್ಲಾಗಲಿ, ಸುತ್ತಲಿನ ಯಾವುದೇ ಊರಲ್ಲಾಗಲಿ ಜಾತ್ರೆ ಎಂದರೆ ರಾತ್ರಿ ಸಾಮಾಜಿಕ ನಾಟಕ ಇರಬೇಕು. ಬಾಡಿಗೆಗೆ ತಂದ ಸೀನರಿ, ಪೇಟಿ ಮಾಸ್ತರು, ಹೊರಗಿನಿಂದ ಕರೆಸಿದ ಹೆಣ್ಣು ಕಲಾವಿದರು, ಬೆಳಗಿನ ತನಕ ಆಟ. ಕರಪತ್ರದಲ್ಲಿ ಗೌಡರು, ಪಂಚಾಯತಿ ಸದಸ್ಯರ ಹೆಸರಿನ ಜೊತೆಗೆ ಪಾರ್ಟು ಮಾಡುವವರ ಸಾಲಿನಲ್ಲಿ ನಮ್ಮವರ ಹೆಸರೂ ಇರುತ್ತದೆ. ಖಳನಾಯಕನ ಪಾರ್ಟಿಗೆ ನಮ್ಮ ಓಣಿಯ ಚಾಚಾ ಒಬ್ಬರಿಗೆ ಸುತ್ತಲ ಹಳ್ಳಿಗಳಲ್ಲಿ ಬೇಡಿಕೆ. ಊರ ಅಗಸಿಯ ಮುಂದೆ ಆಡಬಹುದಾದ್ದು ಕಾಲೇಜಿನೊಳಗೆ ಯಾಕೆ ಆಡಬಾರದು?

ಬ್ರಿಟಿಷರು ಹೋದ ಮೇಲೂ ಆ ಕಾಯ್ದೆ ಹೋಗಲಿಲ್ಲ. 1956ರಲ್ಲಿ ಅಲಹಾಬಾದ್ ಹೈಕೋರ್ಟ್ ಅದು ನಮ್ಮ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದಿತು. ಆದರೂ ಕೇಂದ್ರದ ಪುಸ್ತಕದಿಂದ ಅದನ್ನು ಪೂರ್ತಿ ತೆಗೆದುಹಾಕಿದ್ದು 2018ರ ಆರಂಭದಲ್ಲಿ. ಅಂದರೆ ನಾವು ಪ್ರೈಮರಿ ಶಾಲೆಗೆ ಹೋಗುವಾಗಲೂ ಅದು ಇತ್ತು. ಅಷ್ಟರಲ್ಲಿ ರಾಜ್ಯಗಳು ತಮ್ಮ ತಮ್ಮ ಕಾಯ್ದೆ ಮಾಡಿಕೊಂಡಿದ್ದವು. ನಮ್ಮ ರಾಜ್ಯ ಮಾಡಿಕೊಂಡದ್ದು 1964ರಲ್ಲಿ.

ಬಂಗಾಳದ ಕಥೆ ನಮಗೇಕೆ ಎನ್ನುವವರಿಗೆ ಹತ್ತಿರದ್ದೊಂದು ಹೇಳುತ್ತೇನೆ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಅದೇ ಪ್ರಾಂತದಲ್ಲಿ, ಪುಣೆಯ ಕಡೆ, ಟಿಳಕರ 'ಕೇಸರಿ' ಪತ್ರಿಕೆಯ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರು 'ಕೀಚಕವಧ' ಎಂಬ ಮರಾಠಿ ನಾಟಕ ಬರೆದರು. 1907ರಲ್ಲಿ ಆಟ ಶುರುವಾಯಿತು. ಕಥೆ ಮಹಾಭಾರತದ್ದೇ, ವಿರಾಟಪರ್ವದ್ದು. ಒಬ್ಬ ಇಂಗ್ಲಿಷನ ಹೆಸರೂ ಇಲ್ಲ, ಸರ್ಕಾರದ ಸುದ್ದಿಯೂ ಇಲ್ಲ. ಆದರೆ ನೋಡುವವರಿಗೆ ಕೀಚಕ ಎಂದರೆ ಲಾರ್ಡ್ ಕರ್ಜನ್, ದ್ರೌಪದಿ ಎಂದರೆ ಭಾರತ, ತಾಳ್ಮೆ ತಾಳ್ಮೆ ಎನ್ನುವ ಧರ್ಮರಾಯ ಎಂದರೆ ಮಂದಗಾಮಿ ಕಾಂಗ್ರೆಸ್ಸಿಗರು, ಭೀಮ ಎಂದರೆ ತೀವ್ರಗಾಮಿಗಳು. ಯಾರೂ ಹೇಳಿಕೊಡಲಿಲ್ಲ, ಎಲ್ಲರಿಗೂ ಗೊತ್ತಾಯಿತು. 1910ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಲಂಡನ್ನಿನ 'ಟೈಮ್ಸ್' ಪತ್ರಿಕೆಯ ವ್ಯಾಲಂಟೈನ್ ಚಿರೋಲ್ ಎಂಬ ಪತ್ರಕರ್ತ ತನ್ನ ಪುಸ್ತಕದಲ್ಲಿ ಯಾವ ಪಾತ್ರ ಯಾರು ಎಂದು ಬಿಡಿಸಿ ಬರೆದ. ನಮ್ಮ ಗೈಡ್‌ಗಳಲ್ಲಿ ಪದ್ಯದ ಭಾವಾರ್ಥ ಕೊಡುತ್ತಾರಲ್ಲ, ಹಾಗೆ.

ನನಗೆ ಇದರಲ್ಲಿ ಹಿಡಿಸಿದ್ದು ಸರ್ಕಾರದ ಸಂಕಟ. ಕೀಚಕನ ಕಥೆ ನಿಷೇಧಿಸಬೇಕೆಂದರೆ ಮೊದಲು "ಈ ಕೀಚಕ ನಾವೇ" ಎಂದು ತಾನೇ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡಿತು! ನಮ್ಮ ಸ್ಕ್ರಿಪ್ಟಿನಲ್ಲಿ ಇದೇ ಎರಡನೆಯ ದೃಶ್ಯ. ಅಧಿಕಾರಿಯೊಬ್ಬ ಕಾರಕೂನನಿಗೆ ನಿಷೇಧದ ಆದೇಶ ಬರೆಸುತ್ತಾನೆ. ಕಾರಣದ ಕಾಲಮ್ಮಿನಲ್ಲಿ ಏನು ಬರೆಯಲಿ ಸಾಹೇಬರೇ ಎಂದು ಕಾರಕೂನ ಕೇಳುತ್ತಲೇ ಇರುತ್ತಾನೆ.

ನಿಂತ ನಾಟಕಗಳ ಮೇಲೆ ನಾಟಕ ಮಾಡುವುದು ನಮ್ಮ ಹೊಸ ಉಪಾಯವೇನೂ ಅಲ್ಲ. ವಿಜಯ ತೆಂಡೂಲ್ಕರರ 'ಸಖಾರಾಂ ಬೈಂಡರ್' ನಾಟಕಕ್ಕೆ 1970ರ ದಶಕದಲ್ಲಿ ಮುಂಬಯಿಯ ಸೆನ್ಸಾರ್ ಮಂಡಳಿ ಒಡ್ಡಿದ ತೊಂದರೆ, ಅದರ ನಿರ್ದೇಶಕ ಕಮಲಾಕರ ಸಾರಂಗರು ಕೋರ್ಟಿನವರೆಗೆ ಹೋದದ್ದು, ಇದನ್ನೆಲ್ಲ ಇಟ್ಟುಕೊಂಡು 2009ರಲ್ಲಿ ಸುನೀಲ್ ಶಾನಭಾಗ ಒಂದು ನಾಟಕ ನಿರ್ದೇಶಿಸಿದರು. ಬರೆದವರು ಶಾಂತಾ ಗೋಖಲೆ ಮತ್ತು ಇರಾವತಿ ಕರ್ಣಿಕ್. ಹಳೆಯ ನಾಟಕದ ದೃಶ್ಯಗಳನ್ನೂ ಅದರ ಸುತ್ತಲಿನ ಜಗಳವನ್ನೂ ಅಕ್ಕಪಕ್ಕ ಇಟ್ಟು ತೋರಿಸುವ ಕ್ರಮ ಅದರದು. ನಮ್ಮ ಸ್ಕ್ರಿಪ್ಟಿಗೆ ಆ ಕ್ರಮವೇ ಮಾದರಿ. ಆ ನಾಟಕದ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ಲೇಖನವೇ ಮೈಮ್ ಆಗಿಬಿಡಬಹುದು.

ರಷ್ಯಾದಲ್ಲಿ ಮಿಖಾಯಿಲ್ ಬುಲ್ಗಾಕೋವ್ ಎಂಬ ಲೇಖಕ ಫ್ರಾನ್ಸಿನ ಮೊಲಿಯೇರ್ ಮೇಲೆ ಒಂದು ನಾಟಕ ಬರೆದ. ಮೊಲಿಯೇರ್ 1664ರಲ್ಲಿ ಕಪಟ ಭಕ್ತನೊಬ್ಬನ ಬಗ್ಗೆ 'ತಾರ್ತೂಫ್' ಆಡಿದಾಗ ಧರ್ಮಗುರುಗಳು ಸಿಟ್ಟಾಗಿ ದೊರೆಯಿಂದ ಅದನ್ನು ನಿಲ್ಲಿಸಿದರು, ಸಾರ್ವಜನಿಕವಾಗಿ ಆಡಲು ಪೂರ್ತಿ ಬಿಡುಗಡೆ ಸಿಕ್ಕಿದ್ದು 1669ರಲ್ಲಿ. ಆ ಸಂಕಟದ ಬಗ್ಗೆ ಬುಲ್ಗಾಕೋವ್ ಬರೆದ ನಾಟಕ 1936ರಲ್ಲಿ ಮಾಸ್ಕೋದಲ್ಲಿ ರಂಗಕ್ಕೆ ಬಂತು. ಏಳು ಆಟ ಆಡಿತು. ಎಂಟನೆಯದು ಆಗಲಿಲ್ಲ.

ಇಲ್ಲಿಯವರೆಗೆ ನನ್ನ ಓದುಗರೆಲ್ಲ ತಲೆದೂಗುತ್ತಿರಬಹುದು. ಬ್ರಿಟಿಷರು ಕೆಟ್ಟವರು ಎಂದರೆ ತಲೆದೂಗುವುದು ಸುಲಭ. ನಾಟಕ ನಿಲ್ಲಿಸಿ ಎಂದು ಕೂಗಿದವರು ನಮ್ಮವರೇ ಆಗಿದ್ದಾಗ?

1932ರ ಡಿಸೆಂಬರ್‌ನಲ್ಲಿ ಲಖನೌದಲ್ಲಿ 'ಅಂಗಾರೇ' ಎಂಬ ಉರ್ದು ಪುಸ್ತಕ ಬಂತು. ನಾಲ್ವರು ಬರೆದದ್ದು, ನಾಲ್ವರೂ ಮುಸ್ಲಿಮರು. ಅವರಲ್ಲಿ ಒಬ್ಬರೇ ಹೆಣ್ಣುಮಗಳು, ರಶೀದ್ ಜಹಾನ್. ವೈದ್ಯೆ. ಆಕೆಯ ತಂದೆ ಶೇಖ್ ಅಬ್ದುಲ್ಲಾ ಅಲಿಗಢದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರು. ಆ ಪುಸ್ತಕದಲ್ಲಿ ಆಕೆಯದೊಂದು ಚಿಕ್ಕ ನಾಟಕ ಇದೆ, 'ಪರ್ದೇ ಕೇ ಪೀಛೇ'. ಪರದೆಯ ಹಿಂದಿನ ಮನೆಯಲ್ಲಿ ಇಬ್ಬರು ಹೆಂಗಸರು ಕೂತು ಮಾತಾಡುವುದು, ಅಷ್ಟೇ. ಒಬ್ಬಳು ವರ್ಷ ವರ್ಷ ಹೆತ್ತು ಹೈರಾಣಾದವಳು, ಗಂಡ ಇನ್ನೊಂದು ಮದುವೆಯ ಮಾತೆತ್ತುತ್ತಾನೆ ಎಂಬ ಹೆದರಿಕೆಯಲ್ಲಿರುವವಳು. ಪುಸ್ತಕದ ವಿರುದ್ಧ ಮೌಲ್ವಿಗಳು, ಉರ್ದು ಪತ್ರಿಕೆಗಳು ಎದ್ದವು. ಆಕೆಗೆ ಬೆದರಿಕೆಗಳು ಬಂದವು. 1933ರ ಮಾರ್ಚ್‌ನಲ್ಲಿ ಸಂಯುಕ್ತ ಪ್ರಾಂತದ ಸರ್ಕಾರ ಅದನ್ನು ನಿಷೇಧಿಸಿತು. ಬ್ರಿಟಿಷ್ ಸರ್ಕಾರದ ಕೈಯಿಂದ ಈ ಕೆಲಸ ಮಾಡಿಸಿದವರು ನಮ್ಮ ಹಿರಿಯರು. ಪುಸ್ತಕದಲ್ಲಿ ಒರಟು ಮಾತುಗಳಿವೆ ಎಂದು ಆಮೇಲೆ ಅದರ ಸ್ನೇಹಿತರೂ ಹೇಳಿದ್ದುಂಟು. ಇರಲಿ. ಆದರೆ ರಶೀದ್ ಜಹಾನರ ನಾಟಕದ ಆ ಹೆಂಗಸು ಹೇಳುವ ಸಂಕಟ ಸುಳ್ಳಾಗಿತ್ತೇ? ನಮ್ಮ ಮನೆಗಳಲ್ಲಿ ದಾದಿಯರನ್ನು, ನಾನಿಯರನ್ನು ಕೇಳಿದರೆ ಗೊತ್ತಾಗುತ್ತದೆ.

ಇತ್ತೀಚಿನದಕ್ಕೆ ಬಂದರೆ 2022ರಲ್ಲಿ ಎರಡು ಪ್ರಸಂಗ ನಡೆದವು, ಎರಡೂ ನಮ್ಮ ರಾಜ್ಯದಲ್ಲೇ. ಜುಲೈನಲ್ಲಿ ಹಾನಗಲ್ಲಿನಿಂದ ಆಚೆ, ಸೊರಬ ತಾಲ್ಲೂಕಿನ ಆನವಟ್ಟಿಯಲ್ಲಿ ಶಿವಮೊಗ್ಗದ ತಂಡ 'ಜೊತೆಗಿರುವನು ಚಂದಿರ' ಆಡುತ್ತಿತ್ತು. ಇಂಗ್ಲಿಷಿನ 'ಫಿಡ್ಲರ್ ಆನ್ ದ ರೂಫ್' ಅನ್ನು ಜಯಂತ ಕಾಯ್ಕಿಣಿಯವರು ದೇಶವಿಭಜನೆ ಕಾಲದ ಮುಸ್ಲಿಂ ಕುಟುಂಬದ ಕಥೆಯಾಗಿ ಕನ್ನಡಕ್ಕೆ ತಂದದ್ದು. ಬಜರಂಗ ದಳದವರು ಬಂದು ಅರ್ಧಕ್ಕೆ ನಿಲ್ಲಿಸಿದರು. ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಎಲ್ಲರೂ ಖಂಡಿಸಿದರು. ಅದೇ ನವೆಂಬರ್‌ನಲ್ಲಿ ಮೈಸೂರು ರಂಗಾಯಣದ ಆಗಿನ ನಿರ್ದೇಶಕ ಅಡ್ಡಂಡ ಕಾರ್ಯಪ್ಪನವರು 'ಟಿಪ್ಪು ನಿಜ ಕನಸುಗಳು' ಎಂಬ ನಾಟಕ ತಂದರು. ಟಿಪ್ಪುವನ್ನು ಮತಾಂಧನೆಂದು ತೋರಿಸುವ ನಾಟಕ. ಅದರ ಪುಸ್ತಕದ ವಿರುದ್ಧ ನಮ್ಮವರು ಕೋರ್ಟಿಗೆ ಹೋದರು, ಬೆಂಗಳೂರಿನ ನ್ಯಾಯಾಲಯ ಮಾರಾಟಕ್ಕೆ ತಾತ್ಕಾಲಿಕ ತಡೆ ಕೊಟ್ಟಿತು. ಆಗ ಅವೇ ಗುಂಪುಗಳಲ್ಲಿ ಮುಬಾರಕ್ ಮೇಲೆ ಮುಬಾರಕ್.

ಕೋರ್ಟಿಗೆ ಹೋಗುವುದಕ್ಕೂ ಗುಂಪು ಕಟ್ಟಿಕೊಂಡು ರಂಗಕ್ಕೆ ನುಗ್ಗುವುದಕ್ಕೂ ಬಹಳ ಅಂತರ ಇದೆ, ಅದನ್ನು ಒಪ್ಪುತ್ತೇನೆ. ಆದರೂ ಆನವಟ್ಟಿಗೆ ಅತ್ತು ಮೈಸೂರಿಗೆ ನಕ್ಕರೆ ನಮ್ಮ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಟಿಪ್ಪುವಿನ ಕನಸುಗಳ ಮೇಲೆ ಗಿರೀಶ ಕಾರ್ನಾಡರೂ ನಾಟಕ ಬರೆದಿದ್ದಾರೆ, ಟಿಪ್ಪು ತಾನೇ ಬರೆದಿಟ್ಟ ಕನಸುಗಳನ್ನು ಆಧರಿಸಿ. ಒಂದು ನಾಟಕ ಸುಳ್ಳು ಹೇಳುತ್ತದೆ ಎನಿಸಿದರೆ ಇನ್ನೊಂದನ್ನು ಆಡಬೇಕು. ಅದು ತಡೆಯಾಜ್ಞೆಗಿಂತ ಕಷ್ಟದ ಕೆಲಸ, ತಾಲೀಮು ಬೇಕು. (ಮನೆಯಲ್ಲಿ ನಾವು ತಾಲೀಮ್ ಎಂದರೆ ವಿದ್ಯೆ. ಕನ್ನಡದ ನಾಟಕದವರು ಅದನ್ನೇ ತಗೊಂಡು ರಿಹರ್ಸಲ್ ಮಾಡಿದ್ದಾರೆ. ಎರಡೂ ಒಂದೇ ಅಂತ ನನಗನಿಸುತ್ತದೆ.)

ಈಗ ನಮ್ಮ ಕಾಲೇಜಿಗೆ ಬರುತ್ತೇನೆ. ಅಕೌಂಟನ್ಸಿಯಲ್ಲಿ ಕನ್ಸರ್ವೇಟಿಸಂ ಎಂಬ ಪದ್ಧತಿ ಇದೆ. ಬರಬಹುದಾದ ನಷ್ಟಕ್ಕೆಲ್ಲ ಮೊದಲೇ ಹಣ ತೆಗೆದಿಡು, ಬರಬಹುದಾದ ಲಾಭವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡ. ನಮ್ಮ ಸಾಂಸ್ಕೃತಿಕ ಸಮಿತಿ ನಾಟಕಕ್ಕೂ ಇದನ್ನೇ ಅನ್ವಯಿಸುತ್ತಿದೆ. ವ್ಯಾಪಾರಕ್ಕೆ ಇದು ಒಳ್ಳೆಯ ಪದ್ಧತಿಯೇ. ಆದರೆ ಅಲ್ಲಿ ತೆಗೆದಿಟ್ಟ ಹಣ ಬ್ಯಾಲೆನ್ಸ್ ಶೀಟಿನಲ್ಲಿ ಕಾಣುತ್ತದೆ, ಮುಂದೆ ನಷ್ಟ ಆಗದಿದ್ದರೆ ವಾಪಸು ಬರುತ್ತದೆ. ಆಡದೆ ಬಿಟ್ಟ ನಾಟಕ ಯಾವ ಖಾತೆಯಲ್ಲೂ ಕಾಣುವುದಿಲ್ಲ. ಎಷ್ಟು ಮಂದಿಗೆ ಸಭೆಯ ಮುಂದೆ ನಿಂತು ಕನ್ನಡದಲ್ಲಿ ಎರಡು ಮಾತಾಡುವ ಧೈರ್ಯ ಬರಬಹುದಿತ್ತೋ, ಅದು ಬರಲಿಲ್ಲ ಎಂಬುದು ಯಾರಿಗೂ ತಿಳಿಯುವುದಿಲ್ಲ. ನನ್ನ ತರಗತಿಯಲ್ಲಿ ಉರ್ದು ಮನೆಮಾತಿನ ಹುಡುಗಿಯರು ಅರ್ಧಕ್ಕಿಂತ ಹೆಚ್ಚು. ಒತ್ತಕ್ಷರ ತಪ್ಪಿದರೆ ನಗುತ್ತಾರೆ ಎಂದು ಸೆಮಿನಾರಿನಲ್ಲಿ ಎದ್ದು ನಿಲ್ಲುವುದಿಲ್ಲ. ಅವರಿಗೆ ಮತ್ತೆ ಮೈಮ್ ಕೊಟ್ಟರೆ ಏನು ಪ್ರಯೋಜನ?

ಸ್ಕ್ರಿಪ್ಟ್ ಓದಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಓದಲಿ. ಗುರುಗಳು ಓದಿದರೆ ನಮ್ಮ ಕನ್ನಡವೂ ತಿದ್ದಿದಂತಾಗುತ್ತದೆ. ಆದರೆ ಬೇಡ ಎಂದರೆ ಯಾವ ಸಾಲು ಬೇಡ, ಯಾಕೆ ಬೇಡ ಎಂದು ಒಂದು ಹಾಳೆಯಲ್ಲಿ ಬರೆದು ಕೊಡಲಿ. 1876ರ ಕಾಯ್ದೆಯ ಹಾಗಿನ ಕಾಯ್ದೆಗೂ ಲಿಖಿತ ಆದೇಶ ಬೇಕಿತ್ತು. "ಈ ಸಲ ಬ್ಯಾಡ ಬಿಡ್ರಿ" ಎಂಬ ಬಾಯಿಮಾತಿಗೆ ಉತ್ತರ ಕೊಡುವುದು ಹೇಗೆ? ಬರೆದು ಕೊಟ್ಟರೆ ನಾವು ಆ ಸಾಲನ್ನು ಬದಲಿಸಬಹುದು, ಇಲ್ಲವೇ ಯಾಕೆ ಬೇಕು ಎಂದು ವಾದ ಮಾಡಬಹುದು. ಇನ್ನೊಂದು, ಆ ದಿನ ಮೊಬೈಲುಗಳನ್ನು ಗೇಟಿನಲ್ಲಿ ಇಡಿಸಿ. ಬೀದರಿನಲ್ಲಿ ನಾಟಕ ಆಡಿದ್ದು ಶಾಲೆಯ ಆವರಣದೊಳಗೆ, ಬೆಂಕಿ ಹತ್ತಿದ್ದು ಫೋನಿನಿಂದ. ಪರೀಕ್ಷೆಗೆ ಫೋನ್ ಹೊರಗಿಡುವ ನಾವು ಗ್ಯಾದರಿಂಗ್‌ಗೂ ಎರಡು ಗಂಟೆ ಹೊರಗಿಡಬಲ್ಲೆವು. ಪಾಲಕರನ್ನು ಕೊನೆಯ ತಾಲೀಮಿಗೆ ಮೊದಲೇ ಕರೆಯೋಣ, ಯಾರಿಗಾದರೂ ಏನಾದರೂ ಚುಚ್ಚಿದರೆ ಅಲ್ಲೇ ಹೇಳಲಿ. ನಮ್ಮ ಅಮ್ಮಿಯನ್ನು ಕರೆತರುವ ಹೊಣೆ ನನ್ನದು.

ಹುಡುಗಿಯರು ರಂಗದ ಮೇಲೆ ಬರುವ ಬಗ್ಗೆಯೂ ಪಿಸುಮಾತು ಇದೆ, ಅದಕ್ಕೂ ಉತ್ತರ ಕೊಟ್ಟುಬಿಡುತ್ತೇನೆ. ಬಿಜಾಪುರ ಕಡೆಯ ಬೀಳಗಿಯಿಂದ ಬಂದ ಅಕ್ಕತಂಗಿಯರು ಗೋಹರಬಾಯಿ, ಅಮೀರಬಾಯಿ ಕರ್ನಾಟಕಿ. ನಾಟಕ, ಸಂಗೀತ, ಸಿನೆಮಾ ಮೂರರಲ್ಲೂ ಹೆಸರು ಮಾಡಿದವರು, ಹೆಸರಿನಲ್ಲೇ ಕರ್ನಾಟಕ ಇಟ್ಟುಕೊಂಡು ಮುಂಬಯಿಗೆ ಹೋದವರು. ಅವರ ದಾರಿಯಲ್ಲಿ ಹೋಗಿ ಎಂದು ಯಾರಿಗೂ ಹೇಳುತ್ತಿಲ್ಲ. ನಮ್ಮ ನಾಟಕದಲ್ಲಿ ಹಾಡಿಲ್ಲ, ಕುಣಿತವಿಲ್ಲ. ಹುಡುಗಿಯರೆಲ್ಲ ಕಾಲೇಜಿನ ಸಮವಸ್ತ್ರದಲ್ಲೇ ಇರುತ್ತೇವೆ, ದುಪಟ್ಟಾ ಸಮೇತ. ಪಾತ್ರ ಬದಲಾದಾಗ ಕೊರಳಿಗೆ ಒಂದು ರಟ್ಟಿನ ಹಲಗೆ ಹಾಕಿಕೊಳ್ಳುವುದು, ಅದರ ಮೇಲೆ ಪಾತ್ರದ ಹೆಸರು. ಖರ್ಚು ಕಡಿಮೆ, ಜಪ್ತಿ ಮಾಡುವವರಿಗೂ ರಟ್ಟು ಬಿಟ್ಟರೆ ಏನೂ ಸಿಗುವುದಿಲ್ಲ.

ನಾಲ್ಕು ದೃಶ್ಯ, ಮೂವತ್ತೈದು ನಿಮಿಷ. ಮೊದಲನೆಯದು ಕಲ್ಕತ್ತೆ, ಎರಡನೆಯದು ಪುಣೆ, ಮೂರನೆಯದು ಲಖನೌ, ಅದರಲ್ಲಿ ರಶೀದ್ ಜಹಾನ್ ಪುಸ್ತಕ ಹಿಡಿದು ಕೂತಿರುತ್ತಾರೆ, ಹೊರಗೆ ಗದ್ದಲ. ನಾಲ್ಕನೆಯ ದೃಶ್ಯ ಒಂದು ಪಿಯು ಕಾಲೇಜಿನ ಸಮಿತಿ ಸಭೆ. ಅದನ್ನು ಓದಿ ಸಮಿತಿಯವರು ನಗುತ್ತಾರೋ ಸಿಟ್ಟಾಗುತ್ತಾರೋ ಗೊತ್ತಿಲ್ಲ, ಹೆಸರಂತೂ ಯಾರದೂ ಹಾಕಿಲ್ಲ. ಯಾರಾದರೂ ಅದು ನಾನೇ ಎಂದರೆ ಕೀಚಕವಧದ ಪ್ರಸಂಗವನ್ನು ಇನ್ನೊಮ್ಮೆ ಓದಬೇಕಾಗಿ ವಿನಂತಿ.

ತೋರಾಪ್ ಪಾತ್ರಕ್ಕೆ ವಿಜ್ಞಾನ ವಿಭಾಗದವನೊಬ್ಬ ಒಪ್ಪಿದ್ದಾನೆ, ಲ್ಯಾಂಬ್ ಸಾಹೇಬ ನಮ್ಮ ತರಗತಿಯವನೇ. ಕಾರಕೂನನ ಪಾತ್ರ ನಾನು ಮಾಡುತ್ತೇನೆ. ಹಾಗ್ ಸಾಹೇಬನ ಪಾತ್ರಕ್ಕೆ ಮಾತ್ರ ಹೆಸರು ಕೇಳಿದ ಕೂಡಲೇ ಎಲ್ಲರೂ "ತೌಬಾ ತೌಬಾ" ಎಂದು ಓಡುತ್ತಿದ್ದಾರೆ. ಕಲಾ ವಿಭಾಗದಲ್ಲಿ ಯಾರಾದರೂ ಗಟ್ಟಿ ದನಿಯವರು ಇದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ಲೈಬ್ರರಿಯ ಹಿಂದಿನ ಬೇವಿನ ಮರದ ಹತ್ತಿರ ಬರಬೇಕು. ಪಾತ್ರಕ್ಕೆ ಇರುವುದು ಒಂಬತ್ತೇ ಸಾಲು, ಅದರಲ್ಲಿ ಆರು ಸಲ "ನಿಲ್ಲಿಸಿ" ಎಂದರೆ ಸಾಕು.